ಕಂತಿನಲ್ಲಿ ತೀರಿದ ತೆರಿಗೆ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಮಳೆಗಾಲ ಮುಗಿಯಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ. ಸರಕಾರದ ತೆರಿಗೆಯನ್ನೂ ಹೀಗೆಯೇ ಮುಂದೆ ಹಾಕಿದವನು ನಾನು. ಅದು ಕೊನೆಗೂ ತೀರಿತು. ಇದು ಉಳಿದಿದೆ.

ಬೀದರ್ ಕಡೆಯ ಹಳ್ಳಿಯಿಂದ ಮ್ಯಾಟ್ರಿಕ್ ಮುಗಿಸಿ ಬಂದವನು ನಾಶಿಕ್‌ನಲ್ಲಿ ತಾಡಪತ್ರಿ ಅಂಗಡಿ ಇಟ್ಟೆ. ಈರುಳ್ಳಿ ರಾಶಿ ಮುಚ್ಚಲು, ದ್ರಾಕ್ಷಿ ಒಣಗಿಸಲು ಇಲ್ಲಿಯ ರೈತರಿಗೆ ಈ ಟಾರ್ಪಾಲಿನ್ ಹಾಳೆ ಬೇಕೇ ಬೇಕು. ವ್ಯಾಪಾರ ಬೆಳೆಯಿತು. ಓಝರ್ ರಸ್ತೆಯಲ್ಲಿ ಎರಡನೇ ಅಂಗಡಿ ತೆಗೆಯುವಾಗ ನನ್ನ ತೆರಿಗೆ ಸಲಹೆಗಾರರು, ಅವರೂ ನಮ್ಮ ಕಡೆಯವರೇ, ನಮ್ಮ ವ್ಯಾಪಾರಿ ಮಂದಿಗೆಲ್ಲ ಗೊತ್ತಿರುವ ಉಪಾಯ ಹೇಳಿದರು. "ಎಲ್ಲಾ ನಿಮ್ಮ ಹೆಸರಿನ್ಯಾಗ ಬ್ಯಾಡ್ರಿ. ಮನಿಯೊಳಗಿನ ಯಾರರೆ ಹೆಣ್ಣುಮಗಳ ಹೆಸರಿಗಿ ಮಾಡ್ರಿ. ತೆರಿಗಿ ಹಂಚಿ ಹೋಗತದ."

ಹೆಂಡತಿಯ ಹೆಸರಿನಲ್ಲಿ ಆಗಲೇ ಗೋದಾಮು ಇತ್ತು. ನನಗೆ ಅಕ್ಕ ನೆನಪಾದಳು. ಭಾವ ಬ್ಯಾಂಕಿನಲ್ಲಿದ್ದವರು, ವರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದು ಅಲ್ಲಿಯೇ ತೀರಿಕೊಂಡರು. ಅಕ್ಕ ಅವರ ಪಿಂಚಣಿಯಲ್ಲಿ ಅಲ್ಲೇ ಉಳಿದಿದ್ದಳು. ಬಸ್ಸು ಹತ್ತಿ ಹೋದೆ.

"ಅಕ್ಕಾ, ನಿನ್ನ ಕೈಗುಣ ಛಲೋ ಅದ. ಅದಕ್ಕ ಹೊಸ ಅಂಗಡಿ ನಿನ್ನ ಹೆಸರಿಗಿ ಮಾಡ್ಲತ್ತೀನಿ" ಎಂದೆ.

"ಗಂಡ ಸತ್ತಾಕಿ ಕೈಗಿ ಎಂಥಾ ಗುಣಾನೋ ಹುಚ್ಚಾ?" ಎಂದು ನಕ್ಕಳು. ಆದರೆ ಸೆರಗಿಗೆ ಬೆರಳು ಒರೆಸಿಕೊಂಡು ಸಹಿ ಹಾಕಿದಳು.

ಆಡಿದ ಸುಳ್ಳನ್ನು ನಿಜ ಮಾಡಿ ತೋರಿಸಬೇಕಲ್ಲ. ದೀಪಾವಳಿ ಪಾಡ್ಯದ ದಿನ, ನಮಗೆ ವ್ಯಾಪಾರದ ಹೊಸ ವರ್ಷ, ಬೋಣಿಗೆ ನೀನೇ ಮಾಡಬೇಕೆಂದು ಕರೆದೆ. ವರ್ಷದ ಮೊದಲ ಗಿರಾಕಿಯ ದುಡ್ಡನ್ನು ವಿಧವೆಯ ಕೈಗೆ ಕೊಡಿಸುವ ಅಂಗಡಿ ನಮ್ಮವರಲ್ಲಿ ಇನ್ನೊಂದಿರಲಿಲ್ಲ. ಅರಿಶಿನ ಕುಂಕುಮಕ್ಕೆ ಯಾರ ಮನೆಗೆ ಹೋದರೂ ಹಿಂದೆ ನಿಲ್ಲುತ್ತಿದ್ದ ಅಕ್ಕ, ಹಿಂದಿನ ದಿನವೇ ಶೇಂಗಾ ಹೋಳಿಗೆ ಡಬ್ಬಿ ಹಿಡಿದು ಬಸ್ಸಿಳಿಯುತ್ತಿದ್ದಳು. ಬೆಳಿಗ್ಗೆ ಇಸ್ತ್ರಿ ಸೀರೆಯುಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕೂಡುತ್ತಿದ್ದಳು. ತನಗೆ ಮರಾಠಿ ಬರುತ್ತಿದ್ದರೂ ಮರಾಠಿ ರೈತರಿಗೆ ಬೀದರ್ ಕನ್ನಡದಲ್ಲೇ ಜೋರು ಮಾಡುತ್ತಿದ್ದಳು: "ರೊಕ್ಕಾ ಕೊಡಾಮುಂದ ಮಾರಿ ಗಂಟ ಹಾಕಬ್ಯಾಡೋ ಯಪ್ಪಾ, ನಿನಗೇ ಬರಕತ್ತ ಆಗತದ!" ಅವರಿಗೆ ಏನು ತಿಳಿಯುತ್ತಿತ್ತೋ, ನಕ್ಕು ಚೌಕಾಸಿ ಬಿಡುತ್ತಿದ್ದರು. ನೋಟನ್ನು ಕಣ್ಣಿಗೊತ್ತಿಕೊಂಡು ಒಳಗಿಡುವಾಗ ಆಕೆಯ ಮುಖ ನೋಡಬೇಕಿತ್ತು. ಆ ಮುಖವನ್ನು ಇನ್ನೊಂದು ಸಲ ನೋಡಲು ನಾನು ಏನು ಬೇಕಾದರೂ ಕೊಟ್ಟೇನು.

ಆಮೇಲೆ ದಂಧೆ ಬಿತ್ತು. ಚೆನ್ನಾಗಿ ನಡೆದ ವರ್ಷಗಳ ತೆರಿಗೆ ಕಟ್ಟದೆ ಉಳಿಯಿತು. ನೋಟಿಸು ಬಂದಾಗ ಸಲಹೆಗಾರರು ಫೋನ್ ಮಾಡುತ್ತಿದ್ದರು, ನಾನು "ನೋಡೋಣ್ರಿ" ಅನ್ನುತ್ತಿದ್ದೆ. ಒಂದು ದಿನ ಅಕ್ಕನೇ ಫೋನ್ ಮಾಡಿದಳು. "ತಮ್ಮಾ, ಗ್ಯಾಸ್ ಸಿಲಿಂಡರಿಗಿ ರೊಕ್ಕಾ ತಗೀಲಾಕ ಬ್ಯಾಂಕಿಗಿ ಬಂದೀನಿ. ಖಾತೆ ಬಂದ್ ಮಾಡ್ಯಾರಂತ. ನಾ ಏನ್ ಮಾಡೀನೋ?"

ಬಾಕಿ ಆಕೆಯ ಹೆಸರಿನಲ್ಲಿತ್ತು. ಒಮ್ಮೆಲೇ ಕಟ್ಟುವ ಶಕ್ತಿ ನನಗಿರಲಿಲ್ಲ. ಕಂತು ಮಾಡಿಕೊಡಿ ಎಂದು ಕೇಳಲು ನಾನು, ಅಕ್ಕ, ಸಲಹೆಗಾರರು ಮೂವರೂ ಸಂಭಾಜಿನಗರದ ತೆರಿಗೆ ಕಚೇರಿಗೆ ಹೋದೆವು. ಹೊರಗೆ ಬೆಂಚಿನ ಮೇಲೆ ಸಲಹೆಗಾರರು ತಾಕೀತು ಮಾಡಿದರು: "ಅಕ್ಕಾರ, ನೀವು ಏನೂ ಮಾತಾಡಬ್ಯಾಡ್ರಿ. ಪಿಂಚಣಿ ಬಿಟ್ಟು ಏನೂ ಗಳಿಕಿ ಇಲ್ಲದ ವಯಸ್ಸಾದವರು ಅಂತ ನಾನೇ ಹೇಳತೀನಿ."

ಅಧಿಕಾರಿ ಒಬ್ಬ ಹೆಣ್ಣುಮಗಳು, ಒಳ್ಳೆಯವರು. ಅರ್ಜಿ ಓದಿ, ಅಕ್ಕನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, "ಆಜೀ, ಈ ಅಂಗಡಿ ನೀವು ನಡೆಸ್ತೀರಾ?"

ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. "ಹೌದು. ಅಂಗಡಿ ನಂದೇ. ಪ್ರತಿ ಪಾಡ್ಯಕ್ಕೆ ಬೋಣಿಗೆ ನನ್ನ ಕೈಯಿಂದಲೇ ಆಗೋದು" ಎಂದು ಮರಾಠಿಯಲ್ಲೇ ಹೇಳಿದಳು.

ಸಲಹೆಗಾರರ ಮುಖ ಬಿಳಿಚಿತು. ಅಂಗಡಿ ನಡೆಸುವವಳಾದರೆ ಅಂಗಡಿ ಮಾರಿ ಕಟ್ಟಲಿ ಎಂದುಬಿಟ್ಟರೆ? ನಾನು ನಗುತ್ತಾ ನಡುವೆ ಬಾಯಿ ಹಾಕಿದೆ. "ಆಕೆಗೇನು ಗೊತ್ತು ಮೇಡಂ! ತೆರಿಗೆ ಉಳಿಯಲಿ ಅಂತ ಹೆಸರು ಹಾಕಿದ್ದು ಅಷ್ಟೇ. ಖುಷಿಯಾಗಲಿ ಅಂತ ವರ್ಷಕ್ಕೊಮ್ಮೆ ಕರೆದು ಕೂಡಿಸ್ತೀವಿ."

ಅಧಿಕಾರಿ ಅಂಗಡಿಯ ಲೆಕ್ಕವನ್ನು ಬೇರೆಯಾಗಿ ಕೇಳುತ್ತೇವೆ ಎಂದು ನನಗೆ ಬೈದರು, ಆಮೇಲೆ ಕಂತಿಗೆ ಒಪ್ಪಿದರು. ಮೊದಲ ಕಂತು ತುಂಬಿದ ಮೇಲೆ ಖಾತೆ ಬಿಡುಗಡೆಯಾಯಿತು. ನಾನು ಗೆದ್ದವನ ಹಾಗೆ ಹೊರಗೆ ಬಂದೆ. ಕಟ್ಟೆಯ ಮೇಲೆ ಚಹಾ ತರಿಸಿದೆ. ಅಕ್ಕ ಚಹಾದ ಕಪ್ಪನ್ನು ಹಿಡಿದು ಕುಡಿಯದೆ ಕೂತಿದ್ದಳು. "ರಿಕ್ಷಾ ಮಾಡಿಕೊಡು, ಮನಿಗಿ ಹೋಗತೀನಿ" ಎಂದಳು, ಅಷ್ಟೇ.

ಆ ದೀಪಾವಳಿಗೆ ಮೊಣಕಾಲು ನೋವೆಂದಳು. ಮುಂದಿನದಕ್ಕೆ ಬಸ್ಸಿನಲ್ಲಿ ಗದ್ದಲವೆಂದಳು. ನಾನು ಗೋದಾಮು ಮಾರಿದೆ, ಹೆಂಡತಿಯ ಬಂಗಾರ ಮಾರಿದೆ, ಒಂದು ಕಂತನ್ನೂ ತಪ್ಪಿಸಲಿಲ್ಲ. ಕೊನೆಯದನ್ನು ತುಂಬಿದ ದಿನವೇ ಸಂಭಾಜಿನಗರಕ್ಕೆ ಹೋದೆ. ಅಕ್ಕ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು.

"ಎಲ್ಲಾ ತೀರ್ತು ಅಕ್ಕಾ."

"ಛಲೋ ಆತು."

"ಈ ಸಲ ಪಾಡ್ಯಕ್ಕ ಬಾ."

"ನಿನ್ನ ಅಂಗಡಿ, ನೀನೇ ತಗಿ. ನನಗೇನು ತಿಳೀತದ ದಂಧಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ಅಳಬಹುದಿತ್ತು. ಮತ್ತೊಂದು ರೊಟ್ಟಿ ಹಾಕಿದಳು. ಆಗ ಹೇಳಬೇಕಿತ್ತು. ನಾನು ತಲೆ ತಗ್ಗಿಸಿ ರೊಟ್ಟಿ ತಿಂದೆ.

ತಡವಾಗಿದ್ದಕ್ಕೆ ಅಧಿಕಾರಿಗೆ ಕೈ ಮುಗಿದಿದ್ದೇನೆ. ಸಲಹೆಗಾರರಲ್ಲಿ, ಬಂಗಾರ ಬಿಚ್ಚಿಕೊಟ್ಟ ಹೆಂಡತಿಯಲ್ಲಿ ತಪ್ಪಾಯಿತು ಎಂದಿದ್ದೇನೆ. ಒಬ್ಬರಲ್ಲಿ ಮಾತ್ರ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ನಾಶಿಕ್‌ನಿಂದ ಕೆಲವೇ ತಾಸಿನ ದಾರಿಯಲ್ಲಿ, ಭಾವನ ಪಿಂಚಣಿಯಲ್ಲಿ ಒಬ್ಬಳೇ ಇರುವ ನನ್ನ ಅಕ್ಕನಲ್ಲಿ.