ನೀಲಕ್ಕನ ಖಾನಾವಳಿಯಲ್ಲಿ ರೊಟ್ಟಿ ಎಣಿಸಿದ್ದು

ಹುಬ್ಬಳ್ಳಿಯಲ್ಲಿ ನನ್ನ ಮೊದಲ ಊಟದ ತಟ್ಟೆಯಲ್ಲಿ ಒಂದು ಗಿಡ ಇತ್ತು. ಬಣ್ಣ ಕಟ್ಟಿ ಹೇಳುತ್ತಿಲ್ಲ. ಕಾಂಡ, ಕವಲು, ಮೂರು ಮೂರು ಎಲೆ, ಎಲ್ಲ ಇದ್ದ ಮೆಂತ್ಯದ ಗಿಡ. ಬೇರನ್ನು ಮಾತ್ರ ಕತ್ತರಿಸಿದ್ದರು, ಅಷ್ಟೇ. ಪಕ್ಕದಲ್ಲಿ ಹಸಿ ಈರುಳ್ಳಿಯ ಹಸಿರು ಗರಿಗಳು, ಮೇಲೆ ಅಂಗೈಯಗಲಕ್ಕಿಂತ ದೊಡ್ಡ ಜೋಳದ ರೊಟ್ಟಿ. ನಾನು ಕೊಳ್ಳೇಗಾಲದವಳು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ನಮ್ಮೂರಿನ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಗಿಡಗಳನ್ನು ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸುತ್ತಿದ್ದವಳು. ತಟ್ಟೆ ನೋಡುತ್ತಾ ಕೂತುಬಿಟ್ಟೆ.

"ಯಾಕವಾ, ತಿನ್ನಾಕ ಬರಂಗಿಲ್ಲೇನು?" ಎಂದರು ಖಾನಾವಳಿಯ ಒಡತಿ ನೀಲಕ್ಕ. ಖಾನಾವಳಿ ಎಂದರೆ ನಮ್ಮ ಕಡೆಯ ಮೆಸ್ಸು.

"ಇದನ್ನ ಬೇಯಿಸೋದಿಲ್ವಾ?"

"ಬೇಯ್ಸಿದ್ರ ಅದ್ರಾಗೇನ ಉಳೀತೈತಿ? ರೊಟ್ಟಿ ಮುರಿ, ಪಲ್ಯಾ ಹಚ್ಚು, ನಡುವ ಒಂದೀಟು ಕಡಿ. ಹಾಂ, ಹಂಗ."

ಆ ಸಂಜೆ ಅಜ್ಜಿಗೆ ಫೋನು ಮಾಡಿ ಹೇಳಿದೆ. ನನ್ನನ್ನು ಸಾಕಿ, ಮಾತು ಕಲಿಸಿದವಳು ಅಜ್ಜಿ. ಅವಳಿಗೆ ತಡೆಯಲಾರದ ಸಂಕಟ. "ಸೊಪ್ಪ ಬೇಯ್ಸ್‌ದೇನೆ ಆಕುದ್ರಾ? ಒಲೆ ಇಲ್ವವ್ವ ಅವ್ರ ಮನೇಲಿ?"

ಇಷ್ಟು ದೂರ ಯಾಕೆ ಬಂದೆ ಎಂದು ನೀವು ಕೇಳಬಹುದು. ಬಂದ ಮೊದಲ ತಿಂಗಳು ನಾನೂ ದಿನಾ ಕೇಳಿಕೊಂಡೆ. ಎಂಸಿಎ ಎಂಬ ಸ್ನಾತಕೋತ್ತರ ಓದು ಈಗ ಕಂಪ್ಯೂಟರನ್ನೇ ಓದಿರದವರಿಗೂ ಸಿಗುತ್ತದೆ. ಪಿಯುಸಿಯಲ್ಲಿ ಗಣಿತ ಇದ್ದರೆ ಸಾಕು, ಮೊದಲು ಬ್ರಿಜ್ ಕೋರ್ಸ್ ಎಂಬ ಒಂದು ಸೇತುವೆ ಪಾಠ ಮುಗಿಸಬೇಕು. ನನಗೆ ಸೀಟು ಸಿಕ್ಕಿದ್ದು ಇಲ್ಲಿ. ಇಪ್ಪತ್ತೆಂಟು ದಾಟಿದವಳು, ಇನ್ನೂ ಮೀಸೆ ಮೂಡದ ಹುಡುಗರ ಜೊತೆ ಬೆಂಚಿನಲ್ಲಿ ಕೂತೆ. ಗೋಕುಲ ರಸ್ತೆಯ ಒಳಗಲ್ಲಿಯಲ್ಲಿ, ನೀಲಕ್ಕನ ಖಾನಾವಳಿಯ ಮೇಲೆಯೇ ಒಂದು ರೂಮು. ನಮ್ಮಲ್ಲಿ ಕಾವೇರಿ ಪಕ್ಕದಲ್ಲೇ ಹರಿಯುತ್ತಾಳೆ, ನೀರನ್ನು ನಾವು ನೆನೆಸಿಕೊಳ್ಳುವುದೇ ಇಲ್ಲ. ಇಲ್ಲಿ ನಳಕ್ಕೆ ನೀರು ಬರುವ ದಿನ ಇಡೀ ಓಣಿಯೇ ಕೊಡದ ಸದ್ದಿನಲ್ಲಿ ಏಳುತ್ತದೆ, ಕಾಲೇಜಿಗೆ ತಡವಾದರೆ "ನೀರು ಬಂದಿತ್ರಿ" ಎಂದರೆ ಮೇಷ್ಟರೂ ಮರುಮಾತಾಡುವುದಿಲ್ಲ.

ಸಂಜೆಯಾದರೆ ನನಗೆ ರೂಮಿನಲ್ಲಿ ಕೂರಲಾಗುತ್ತಿರಲಿಲ್ಲ. ಓದಲು ಕೂತರೆ ಎದ್ದು ಕಿಟಕಿಗೆ, ಕಿಟಕಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ರಸ್ತೆಗೆ. ಕಾರ್ಖಾನೆ ಬಿಟ್ಟು ಬರುವ ಬೈಕುಗಳ ಎದುರು ಸುಮ್ಮನೆ ನಡೆಯುತ್ತಿದ್ದೆ. ಮೈಸೂರಿನ ರೈಲು ಯಾವ ಹೊತ್ತಿಗಿದೆ ಎಂಬುದು ಬಾಯಿಪಾಠವಾಗಿತ್ತು. ಊರಿನ ಹೆಡ್‌ಮೇಡಂ ಬೇರೆ ಒಂದು ಬಾಗಿಲು ತೆರೆದಿಟ್ಟಿದ್ದರು: "ಮೊದಲ ಸೆಮಿಸ್ಟರ್ ಮುಗಿಯೋವರೆಗೂ ನಿನ್ನ ಜಾಗಕ್ಕೆ ಯಾರನ್ನೂ ತಗೊಳಲ್ಲ ಭಾಗ್ಯ. ಆಗದಿದ್ರೆ ಬಂದ್ಬಿಡು." ಅದನ್ನು ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ತೆರೆದ ಬಾಗಿಲು ಎದುರಿಗಿದ್ದರೆ ಕೂತಲ್ಲಿ ಕೂರುವುದು ಎಷ್ಟು ಕಷ್ಟ ನೋಡಿ.

ಸಮಾಧಾನವೆಂದರೆ ರೇಣುಕಾ. ಹತ್ತಿರದ ಹಳ್ಳಿ ಸುಳ್ಳದಿಂದ ದಿನಾ ಬಸ್ಸಿನಲ್ಲಿ ಬರುವ ಸಹಪಾಠಿ, ಬಿ.ಎ.ಯಲ್ಲಿ ಇತಿಹಾಸ ಓದಿದವಳು. ಲೂಪು ಎಂಬುದು, ಅಂದರೆ ಒಂದೇ ಕೆಲಸವನ್ನು ಯಂತ್ರದಿಂದ ಮತ್ತೆ ಮತ್ತೆ ಮಾಡಿಸುವ ಸೂಚನೆ, ನಮ್ಮಿಬ್ಬರಿಗೂ ಒಂದೇ ದಿನ ಅರ್ಥವಾಯಿತು. ನನ್ನ ಮೊದಲ ಪ್ರೋಗ್ರಾಮು ಪರದೆಯ ಮೇಲೆ ನನ್ನ ಹೆಸರನ್ನು ನಿಲ್ಲದೆ ಬರೆಯತೊಡಗಿದಾಗ, "ಸಾಕ ಮಾಡ ಅಕ್ಕಾ, ನಿನ್ನ ಭಾಗ್ಯಾ ಓಣಿ ದಾಟಿ ಹೊಂಟ್ಳು!" ಎಂದು ರೇಣುಕಾ ಚಪ್ಪಾಳೆ ಹೊಡೆದಳು. ಆ ದಿನ ನಾನು ರೈಲಿನ ಹೊತ್ತು ನೋಡಲಿಲ್ಲ.

ಸೆಮಿಸ್ಟರಿನ ಕೊನೆಗೆ ಪ್ರಾಜೆಕ್ಟು. ಬೇರೆ ವಿಷಯ ಓದಿ ಬಂದವರೆಲ್ಲ ಒಂದು ನಿಜವಾದ ಅಂಗಡಿಗೋ ವರ್ಕ್‌ಶಾಪಿಗೋ ಸಣ್ಣ ಪ್ರೋಗ್ರಾಮು ಬರೆಯಬೇಕು, ಅವರು ಅದನ್ನು ಎರಡು ವಾರ ಬಳಸಬೇಕು, ಹೊರಗಿನ ಪರೀಕ್ಷಕರು ಬಂದು ನೋಡಬೇಕು. ಅದರಲ್ಲಿ ಫೇಲಾದರೆ ನಮ್ಮ ಕಾಲೇಜಿನಲ್ಲಿ ಮುಂದಿನ ಸೆಮಿಸ್ಟರಿಗೆ ದಾರಿಯಿಲ್ಲ. ನನ್ನ ಪಾಲಿಗೆ ಅದರರ್ಥ ಕೊಳ್ಳೇಗಾಲ, ಒಣಗಿದ ಗಿಡಗಳು.

ದೂರ ಹುಡುಕಲಿಲ್ಲ, ನೀಲಕ್ಕನನ್ನೇ ಕೇಳಿದೆ. ಅವರು ಹಿಟ್ಟಿನ ಕೈ ಸೆರಗಿಗೆ ತಾಗದಂತೆ ಎತ್ತಿ ಹಿಡಿದು ಯೋಚಿಸಿದರು. "ನಾಳಿಗೆ ಎಷ್ಟು ಹಿಟ್ಟು ನಾದಬೇಕು ಅಂತ ನಿನ್ನ ಕಂಪ್ಯೂಟರ್ ಹೇಳತೈತೇನು? ಒಂದಿನ ಮಧ್ಯಾಹ್ನಕ್ಕ ರೊಟ್ಟಿ ತೀರತಾವು, ಒಂದಿನ ಬುಟ್ಟಿ ತುಂಬ ಉಳೀತಾವು."

ಹೇಳುತ್ತದೆ ಎಂದೆ. ಯಾರು ಎಷ್ಟು ತಿನ್ನುತ್ತಾರೆಂದು ಕೆಲವು ದಿನ ಗೊತ್ತಾದರೆ, ನಾಳೆಯ ಅಂದಾಜು ಸುಲಭ. ದಿನಾ ಬರುವವರ ಹೆಸರುಗಳನ್ನು ಸೇರಿಸಿದೆ. ಊಟದ ಹೊತ್ತಿಗೆ ನನಗೆ ಕ್ಲಾಸಿಲ್ಲ. ಗಲ್ಲಾ ಪಕ್ಕ ಕೂತು, ನೀಲಕ್ಕ ಯಾರ ತಟ್ಟೆಗೆ ರೊಟ್ಟಿ ಹಾಕಿದರೂ ಅವರ ಹೆಸರಿನ ಮೇಲೆ ಒತ್ತುತ್ತಿದ್ದೆ. ನೋಡುವವರಿಗೂ ಚಂದ ಕಾಣಲೆಂದು ಅದನ್ನು ಗೋಡೆಯ ಟಿವಿಗೆ ಜೋಡಿಸಿದೆ. ಹೆಸರು, ಮುಂದೆ ಅಂಕಿ, ಅಂಕಿ ಏರಿದಂತೆ ಉದ್ದವಾಗುವ ಹಸಿರು ಪಟ್ಟಿ. ನಮ್ಮ ಕಡೆ ಮದುವೆ ಮನೆಯಲ್ಲಿ ಮುದ್ದೆ ಎಣಿಸುವುದು ಒಂದು ಆಟ. "ನಮ್ ಭಾವಂದು ಮೂರಾಯ್ತು, ಇನ್ನೊಂದ್ ತನ್ರೋ" ಎಂದು ಕೂಗಿದರೆ ಭಾವನಿಗೇ ಹೆಮ್ಮೆ. ಅದೇ ಹುರುಪಿನಲ್ಲಿ ಪಟ್ಟಿಗೆ ಹಸಿರು ಬಳಿದೆ.

ನೀಲಕ್ಕ ಟಿವಿಯನ್ನು ಒಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಒಳಗೆ ಹೋದರು.

ಮೊದಲ ದಿನ ಜನ ಕತ್ತೆತ್ತಿ ನೋಡಿದರು, ಅಷ್ಟೇ. ಎರಡನೆಯ ದಿನದಿಂದ ಅಂಕಿಗಳು ಒಂದು ಶಿಸ್ತಿಗೆ ಬಂದವು. ಎಲ್ಲರದೂ ಎರಡು, ತಪ್ಪಿದರೆ ಮೂರು. ವಾರ ಕಳೆಯುವಷ್ಟರಲ್ಲಿ ನನ್ನ ಪ್ರೋಗ್ರಾಮು ಹೇಳಿದಷ್ಟೇ ರೊಟ್ಟಿ ಬಡಿದು, ಬಡಿದಷ್ಟೂ ಖರ್ಚು. ಕಾಲೇಜಿನಲ್ಲಿ ನಮಗೆ ದಾರಿ ತೋರಿಸುವ ದೇಸಾಯಿ ಸರ್ ಕನ್ನಡಕ ಏರಿಸಿ, "ಭಾರೀ ಛಲೋ ಬಂದಾವಲ್ರೀ ಅಂಕಿ!" ಎಂದರು. ಹಾರಿಕೊಂಡೇ ಖಾನಾವಳಿಗೆ ಬಂದೆ.

"ನೋಡಿ ನೀಲಕ್ಕ, ನಿನ್ನೆ ಹೇಳಿದ್ದಕ್ಕೂ ಇವತ್ತು ಆಗಿದ್ದಕ್ಕೂ ವ್ಯತ್ಯಾಸವೇ ಇಲ್ಲ!"

"ಖರೇ ಐತಿ," ಎಂದರು ನೀಲಕ್ಕ, ತಟ್ಟೆ ಎತ್ತುತ್ತಾ. "ಮಂದಿ ಹೊಟ್ಟಿ ತುಂಬೇತೇನು ಅಂತನೂ ಒಂದೀಟು ಅದಕ್ಕ ಕೇಳು."

ಆಗ ನನಗೆ ತಿಳಿಯಲಿಲ್ಲ. ತಿಳಿದಿದ್ದು ಮರುದಿನ. ಊಟ ಮುಗಿಸಿ ರೇಣುಕಾಳ ಜೊತೆ ಕಾಲೇಜಿಗೆ ಹೊರಟಿದ್ದೆ. ಓಣಿಯ ತುದಿಯಲ್ಲಿ ಮಿರ್ಚಿ ಗಾಡಿ, ನಮ್ಮ ಕಡೆಯ ಮೆಣಸಿನಕಾಯಿ ಬಜ್ಜಿಯದು. ಅದರ ಹಿಂದೆ, ರಸ್ತೆಗೆ ಬೆನ್ನು ಹಾಕಿ, ಬಸಪ್ಪ ಕಾಕಾ ನಿಂತಿದ್ದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ದೊಡ್ಡ ಆಳು, ನೀಲಕ್ಕನ ದಿನನಿತ್ಯದ ಗಿರಾಕಿ. ಹತ್ತು ನಿಮಿಷದ ಹಿಂದೆ ನನ್ನೆದುರೇ ಎರಡು ರೊಟ್ಟಿಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ್ರೀ" ಎಂದಿದ್ದವರು. ಈಗ ಎರಡೂ ಕೆನ್ನೆಯಲ್ಲಿ ಮಿರ್ಚಿ.

"ಏನ್ರಿ ಕಾಕಾ, ಈಗರ ಉಂಡ್ರಲ್ಲಾ?" ಎಂದಳು ರೇಣುಕಾ.

ಕಾಕಾ ಬೆಚ್ಚಿದರು, ನುಂಗಿದರು, ನನ್ನನ್ನು ನೋಡಿ ನಾಚಿದರು. "ಉಂಡೆ ಉಂಡೆ. ಅದು ಹೆಸರ ಮುಂದ ನಂಬರ ಏರಾಕತ್ತಿತಂದ್ರ ತುತ್ತು ಗಂಟಲದಾಗ ಇಳಿಯಂಗಿಲ್ಲ ನೋಡವಾ. ನಮ್ಮವ್ವ ಆರು ಮಕ್ಕಳಿಗೆ ರೊಟ್ಟಿ ಹಾಕಿದಾಕಿ, ಒಂದಿನ ಎಣಿಸಲಿಲ್ಲ."

ರಸ್ತೆ ದಾಟಿದ ಮೇಲೆ ರೇಣುಕಾ ಮೆಲ್ಲಗೆ ಹೇಳಿದಳು: "ಅಕ್ಕಾ, ನಮ್ಮ ಕಡೆ ಉಣ್ಣಾವ್ರ ರೊಟ್ಟಿ ಎಣಸಂಗಿಲ್ಲ. ಎಣಿಸಿದ್ರ ಎದ್ದು ಹೋಗು ಅಂದಂಗ. ನಿಂಗ ಗೊತ್ತೈತಿ ಅನ್ಕೊಂಡಿದ್ದೆ."

ನನ್ನ ಅಂಕಿ ಅಷ್ಟು ಚೊಕ್ಕ ಬಂದಿದ್ದು ಪ್ರೋಗ್ರಾಮಿನಿಂದಲ್ಲ. ಗೋಡೆಯ ಟಿವಿಗೆ ನಾಚಿ, ಒಂದು ಖಾನಾವಳಿಯಷ್ಟು ಜನ ಅರೆಹೊಟ್ಟೆಯಲ್ಲಿ ಏಳುತ್ತಿದ್ದರು. ಯಂತ್ರ ಅವರ ನಾಚಿಕೆಯನ್ನು ಹಸಿವೆಂದು ಕಲಿಯುತ್ತಿತ್ತು, ಕಲಿತು ಮರುದಿನ ಹಿಟ್ಟು ಇನ್ನಷ್ಟು ಕಡಿಮೆ ಹೇಳುತ್ತಿತ್ತು.

ಪರೀಕ್ಷಕರು ಬರಲು ಐದೇ ದಿನ. ದೇಸಾಯಿ ಸರ್ ಬಳಿ ಓಡಿದೆ. ಅವರು ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದರು: "ಅಂಕಿ ಕೂಡ್ಯಾವು, ಹಂಗ ಬಿಡ್ರಿ. ಪರೀಕ್ಷಾ ಮುಗದ ಮ್ಯಾಲೆ ಟಿವಿ ತಗೀರಿ. ಈಗ ಕೆದಕಿದ್ರ ಎರಡೂ ಕಡೆ ಇಲ್ದಂಗ ಆದೀತು."

ಆ ಸಂಜೆ ಗೋಕುಲ ರಸ್ತೆಯ ಎರಡು ತುದಿಯನ್ನೂ ನಡೆದೆ. ಐದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಪಾಸು. ಬದಲಿಸಿದರೆ ಪಾಸಾಗುವ ಭರವಸೆಯಿಲ್ಲ. ಫೇಲಾದರೆ ಊರಿನವರಿಗೆ ಏನೆಂದು ಹೇಳುವುದು, ರೊಟ್ಟಿಗಾಗಿ ಫೇಲಾದೆ ಎಂದೇ? ತಿರುಗಿ ಬಂದಾಗ ನೀಲಕ್ಕ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ನೀವು ಮೊದಲ ದಿನವೇ ಹೇಳಬಾರದಿತ್ತಾ ನೀಲಕ್ಕ?"

"ನಿನ್ನ ಪರೀಕ್ಷಾ ಅಂದಿ. ಹುಡುಗಿ ದೂರದಿಂದ ಬಂದಾಳ, ಹದಿನೈದ ದಿನ ಅಲ್ಲಾ, ತಡಕೊಳ್ಳೂಣು ಅಂತ ಸುಮ್ನಿದ್ದೆ. ಬಸಪ್ಪಗ ನಾನ ಹೇಳೇನಿ, ಏನೂ ಅನಬ್ಯಾಡ ಅಂತ."

ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ ಟಿವಿಯ ವೈರು ಕಿತ್ತೆ.

ಹೊಸ ಪ್ರೋಗ್ರಾಮಿನಲ್ಲಿ ಹೆಸರುಗಳಿಲ್ಲ. ನಾದಿದ ಹಿಟ್ಟು ಎಷ್ಟು, ಕೊನೆಗೆ ಬುಟ್ಟಿಯಲ್ಲಿ ಉಳಿದದ್ದೆಷ್ಟು, ಅಷ್ಟೇ. ಎಣಿಕೆ ಅಡುಗೆಮನೆಯಲ್ಲಿ, ಎಲ್ಲರೂ ಕೈ ತೊಳೆದು ಹೋದ ಮೇಲೆ. ರೇಣುಕಾ ತನ್ನ ಪ್ರಾಜೆಕ್ಟು ಬದಿಗಿಟ್ಟು ಎರಡು ದಿನ ನನ್ನ ತಪ್ಪುಗಳನ್ನು ಹುಡುಕಿದಳು. ಖಾನಾವಳಿಯಲ್ಲಿ ಮತ್ತೆ ಗದ್ದಲ ಶುರುವಾಯಿತು. ಬಸಪ್ಪ ಕಾಕಾ ಎಷ್ಟು ತಿಂದರೋ, ಆಣೆ ಮಾಡಿ ಹೇಳುತ್ತೇನೆ, ನಾನು ನೋಡಲಿಲ್ಲ. ನನ್ನ ಅಂದಾಜು ಮಾತ್ರ ದಿನಾ ಹಾದಿ ತಪ್ಪಿತು.

ಪರೀಕ್ಷಕರು ಬೆಳಗಾವಿಯವರು, ನೇರ ಮಾತಿನ ಹೆಂಗಸು. ಖಾನಾವಳಿಗೇ ಬಂದು ಕೂತರು. ಅಂಕಿಗಳನ್ನು ನೋಡಿ, "ನಿಮ್ಮ ಲೆಕ್ಕ ಭಾಳ ತಪ್ಪಾಕತ್ತೈತಲ್ಲ," ಎಂದರು.

ಒಲೆಯ ಮುಂದಿನಿಂದ ನೀಲಕ್ಕನ ದನಿ ಬಂತು: "ಲೆಕ್ಕ ತಪ್ಪಿದ್ರೂ ಮಂದಿ ಉಂಡು ಹೊಂಟಾರ್ರೀ ಬಾಯಾರ!"

"ಮಾರ್ಕ್ಸು ಊಟಕ್ಕ ಕೊಡಂಗಿಲ್ಲರಿ ಅಕ್ಕಾರ," ಎಂದು ಅವರೂ ಅಷ್ಟೇ ಜೋರಾಗಿ ಹೇಳಿ, ನನ್ನತ್ತ ತಿರುಗಿದರು. "ಮೊದಲಿನ ವಾರದ ಅಂಕಿ ಛಲೋ ಇದ್ದುವು. ಯಾಕ ಬಿಟ್ರಿ?"

ಟಿವಿ, ಹಸಿರು ಪಟ್ಟಿ, ಮಿರ್ಚಿ ಗಾಡಿ, ಎಲ್ಲ ಹೇಳಿದೆ. ಅಳೆಯುವ ರೀತಿಯೇ ಅಳತೆಯನ್ನು ಕೆಡಿಸಿತ್ತು ಎಂದೆ. ಅವರು ನಗಲಿಲ್ಲ. ಪ್ರೋಗ್ರಾಮಿನ ಸಾಲು ಸಾಲನ್ನೂ ಕೇಳಿದರು, ಎರಡು ಕಡೆ ತಡವರಿಸಿದೆ. ಪಾಸಾದೆ, ಅಂಚಿನಲ್ಲಿ. ಅಂದಾಜಿನ ಅಂಕಗಳನ್ನೆಲ್ಲ ಕತ್ತರಿಸಿದ್ದರು. ಅದು ನ್ಯಾಯವೇ ಆಗಿತ್ತು.

ರಜೆಗೆ ಕೊಳ್ಳೇಗಾಲಕ್ಕೆ ಹೋಗಿ ಮೊದಲು ಶಾಲೆಗೆ ಹೋದೆ. ನನ್ನ ಜಾಗ ಬೇರೆಯವರಿಗೆ ಕೊಡಿ ಎಂದೆ. ಹೆಡ್‌ಮೇಡಂ, "ಹಾಗಾದ್ರೆ ಅಲ್ಲಿಯವಳೇ ಆಗ್ಬಿಟ್ಯಾ?" ಎಂದರು. ಇಲ್ಲ ಎನ್ನಲು ಬಾಯಿ ತೆರೆದೆ. ಹೌದೆನ್ನಲೂ ಆಗಲಿಲ್ಲ. ಹುಬ್ಬಳ್ಳಿಯಲ್ಲಿ ನಾನು ಇವತ್ತಿಗೂ ಮೈಸೂರು ಕಡೆಯಾಕಿ, ಸಂಜೆಯಾದರೆ ಇವತ್ತಿಗೂ ರಸ್ತೆ ತುಳಿಯುತ್ತೇನೆ.

ಎರಡು ದಿನ ಬಿಟ್ಟು ಒಂದು ಬೆಳಿಗ್ಗೆ ಅಜ್ಜಿ ಬಿಸಿ ಮುದ್ದೆ, ಉಪ್ಸಾರು ಬಡಿಸಿದಳು. ಕೈ ತೊಳೆದು ಕೂರುವಷ್ಟರಲ್ಲಿ ನೀಲಕ್ಕನ ಫೋನು.

"ಭಾಗ್ಯಾ, ಇವತ್ತ ಹಿಟ್ಟು ಎಷ್ಟು ಹಿಡೀಲಿ? ನಿನ್ನ ಯಂತ್ರ ಒಂದು ಹೇಳತೈತಿ, ನನ್ನ ಮನಸ ಒಂದು ಹೇಳತೈತಿ."

ಯೋಚಿಸಿದೆ. ಇವತ್ತು ಸೋಮವಾರ, ಕೆಲವರಿಗೆ ಒಪ್ಪತ್ತು. ಆದರೆ ನಳಕ್ಕೆ ನೀರು ಬರುವ ದಿನ, ಓಣಿಯ ಹೆಂಗಸರು ಅಡುಗೆ ಬಿಟ್ಟು ಕೊಡದ ಹಿಂದೆ ಇರುತ್ತಾರೆ, ಗಂಡಸರೆಲ್ಲ ಖಾನಾವಳಿಗೆ ಬರುತ್ತಾರೆ. ಇದ್ಯಾವುದೂ ಪ್ರೋಗ್ರಾಮಿಗೆ ಗೊತ್ತಿಲ್ಲ. ಇನ್ನೂ ಬರೆಯಬೇಕು.

"ಯಂತ್ರ ಹೇಳಿದ್ದಕ್ಕಿಂತ ಒಂದು ಪಾಲು ಹೆಚ್ಚೇ ನಾದಿ ನೀಲಕ್ಕ."

"ನನಗೂ ಹಂಗ ಅನಸೇತಿ."

ಫೋನಿಟ್ಟೆ. ಮುದ್ದೆಯ ಮೇಲೆ ತೆಳ್ಳಗೆ ಸಿಪ್ಪೆ ಕಟ್ಟಿತ್ತು.

"ಅಲ್ಲಿ ಯಾರ್ಗ್ ಅಸುವು ಅಂತ ಇಲ್ ಕೂತು ಲೆಕ್ಕ ಆಕ್ತಿದ್ದಿಯಲ್ಲವ್ವ," ಎಂದಳು ಅಜ್ಜಿ. "ನಿಂಗ್ ಅಸಿದಿಲ್ವಾ?"

ಹಸಿದಿತ್ತು. ಆರಿದ ಮುದ್ದೆಯನ್ನೇ ಮುರಿದೆ.