ಬೈಟು ಕಾಫಿಗೆ ಎರಡು ಕೈ

ಆನ್‌ಲೈನ್ ಅಂಗಡಿಯಲ್ಲಿ ಒಂದು ವಿಡಿಯೋ ಗೇಮಿಗೆ ಸಿಗುವ ಜಾಗ ಬೆಂಕಿಪೊಟ್ಟಣದಷ್ಟು. ಫೋನಿನಲ್ಲಿ ನೋಡಿದರೆ ಅಷ್ಟೂ ಇಲ್ಲ. ವರ್ಷಗಟ್ಟಲೆ ಕೂತು ಮಾಡಿದ ಆಟವನ್ನು ಜನ ಆ ಪುಟ್ಟ ಚಿತ್ರದ ಮೇಲೆ ಕಣ್ಣಾಡಿಸಿ ಬೇಕು, ಬೇಡ ಎಂದು ತೀರ್ಮಾನಿಸಿಬಿಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೇ ಎಷ್ಟೋ ವಾಸಿ. ಅಲ್ಲಿ ಉಪ್ಪಿಟ್ಟು, ಕೇಸರಿಬಾತು ಮುಗಿಯುವ ತನಕವಾದರೂ ಕೂತಿರುತ್ತಾರೆ.

ನನ್ನದು ದರ್ಶಿನಿ ನಡೆಸುವ ಆಟ. ನನ್ನದು ಎನ್ನಲು ಈಗಲೂ ಮನಸ್ಸು ಒಪ್ಪುವುದಿಲ್ಲ, ಅದು ನನ್ನ ಗೆಳತಿ, ನಾನು, ನಮ್ಮಿಬ್ಬರದು. ಅವಳೂ ನಾನೂ ಹೆಬ್ಬಾಳದ ಒಂದು ಆಫೀಸಿನಲ್ಲಿ ಅಕ್ಕಪಕ್ಕ ಕೂತು ಬೇರೆಯವರ ಗೇಮುಗಳಿಗೆ ದುಡಿದವರು. ನಾನು ಚಿತ್ರ, ಅವಳು ಬರವಣಿಗೆ. ಸಂಜೆ ಫ್ಲೈಓವರಿನ ಜಾಮಿನಲ್ಲಿ ಹಣ್ಣಾಗಿ, ಯಲಹಂಕದಲ್ಲಿ ಬಸ್ಸಿಳಿದು, ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಬೈಟು ಕಾಫಿ ಕುಡಿಯುತ್ತಿದ್ದೆವು. ಒಂದು ಕಾಫಿ, ಎರಡು ಲೋಟ. ಅದು ಉಳಿತಾಯಕ್ಕಲ್ಲ, ರೂಢಿ. ಈ ಊರಿನಲ್ಲಿ ಇಬ್ಬರು ಗೆಳತಿಯರು ಒಂದೊಂದು ಇಡೀ ಕಾಫಿ ತೆಗೆದುಕೊಂಡರೆ ಏನೋ ಮುನಿಸಿರಬೇಕು ಎಂದೇ ಅರ್ಥ. ಹಾಗೆ ನಿಂತಿದ್ದಾಗಲೇ ಅವಳು ಒಮ್ಮೆ, “ಮಗಾ, ಇದನ್ನೇ ಗೇಮ್ ಮಾಡೋಣ ಕಣೇ. ಇಡ್ಲಿ ಬೇಯ್ಸೋದು, ಡಿಕಾಕ್ಷನ್ ಇಳ್ಸೋದು, ರಶ್ ಬಂದಾಗ ತಬ್ಬಿಬ್ಬಾಗೋದು, ಎಲ್ಲಾ!” ಎಂದಳು. ಇಬ್ಬರೂ ಕೆಲಸ ಬಿಟ್ಟೆವು.

ಆಟ ಮುಕ್ಕಾಲು ಮುಗಿದಾಗ ಅವಳು ಬೇರೊಂದು ಆಫೀಸು ಸೇರಿದಳು. ಮನೆಯ ಪರಿಸ್ಥಿತಿ ಹಾಗಿತ್ತು, ತಪ್ಪೇನಿಲ್ಲ. “ವೀಕೆಂಡ್ ಬರ್ತೀನಿ ಕಣೇ” ಎಂದಳು. ಕೆಲವು ವಾರ ಬಂದಳು. ಆಮೇಲೆ ಬರೀ ಫೋನು, ಅದಾದ ಮೇಲೆ ಹಬ್ಬಕ್ಕೊಂದು ಮೆಸೇಜು. ಜಗಳವಾಗಿದ್ದರೇ ಚೆನ್ನಾಗಿತ್ತು, ರಾಜಿಯಾಗಲು ಒಂದು ನೆಪವಾದರೂ ಇರುತ್ತಿತ್ತು. ಅಲ್ಲಾಳಸಂದ್ರದ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಉಳಿದದ್ದನ್ನು ನಾನೊಬ್ಬಳೇ ಮುಗಿಸಿದೆ. ಅಂಗಡಿಯ ಪುಟದಲ್ಲಿ ಮಾತ್ರ ತಯಾರಿಸಿದವರು ಎಂಬಲ್ಲಿ ಇಬ್ಬರ ಹೆಸರನ್ನೂ ಹಾಕಿದ್ದೆ. ಪುಟ ಚೆನ್ನಾಗಿ ಬಂದರೆ, ಅದನ್ನು ನೋಡಿದರೆ, ಅವಳು ವಾಪಸು ಬರುತ್ತಾಳೆ ಎಂಬ ಆಸೆ. ಆಟ ಓಡುತ್ತದೋ ಇಲ್ಲವೋ ಎಂಬ ಭಯ ಅದರ ಮುಂದೆ ಏನೂ ಅಲ್ಲ.

ಆ ಪುಟಕ್ಕೆಂದು ಬರೆದ ಮೊದಲ ಚಿತ್ರದಲ್ಲಿ ಎಲ್ಲವನ್ನೂ ತುರುಕಿದ್ದೆ. ದೋಸೆ ಹೆಂಚು, ಇಡ್ಲಿ ಪಾತ್ರೆ, ತಿಂಡಿಗಳ ಬೋರ್ಡು, ಕ್ಯಾಶಿಯರ್, ಟೋಕನ್ ಹಿಡಿದು ಮುಗಿಬಿದ್ದ ಜನ. ದೊಡ್ಡದಾಗಿ ನೋಡಿದಾಗ ಕಳೆಕಳೆಯಾಗಿತ್ತು. ಬೆಂಕಿಪೊಟ್ಟಣದಷ್ಟು ಮಾಡಿದಾಗ ಖಾರಾ ಮಿಕ್ಸ್ಚರ್ ಚೆಲ್ಲಿದ ಹಾಗೆ ಕಂಡಿತು. ಅತಿಯಾದರೆ ಅಮೃತವೂ ವಿಷ ಎಂದು ನನ್ನನ್ನೇ ಬೈದುಕೊಂಡೆ.

ಎರಡನೆಯದರಲ್ಲಿ ಎಲ್ಲವನ್ನೂ ತೆಗೆದೆ. ಬೆಳಗಿನ ಹೊತ್ತು, ಆಗತಾನೇ ಒರೆಸಿದ ಗ್ರಾನೈಟ್ ಟೇಬಲ್, ಅಡುಗೆಮನೆಯ ಕಡೆಯಿಂದ ಬರುತ್ತಿರುವ ಹಬೆ. ನನಗಂತೂ ಬಹಳ ಹಿಡಿಸಿತು. ಪುಟಕ್ಕೆ ಏರಿಸಿದೆ. ಆಟಗಾರರು ಅಲ್ಲಿ ಪ್ರತಿ ಆಟಕ್ಕೂ ತಮಗೆ ತೋಚಿದ ಹಣೆಪಟ್ಟಿ ಹಚ್ಚುತ್ತಾರೆ. ವಾರ ಕಳೆದು ನೋಡಿದರೆ ನನ್ನ ಹೋಟೆಲಿಗೆ ‘ಹಾರರ್’ ಎಂದು ಹಚ್ಚಿದ್ದರು. ಒಬ್ಬನಂತೂ, ದೆವ್ವ ಬರೋದು ಇಡ್ಲಿಗಿಂತ ಮುಂಚೆನಾ ಆಮೇಲಾ ಎಂದು ಕೇಳಿದ್ದ.

ಜೋರಾಗಿ ನಕ್ಕುಬಿಟ್ಟೆ. ಬಟ್ಟೆ ಒಣಹಾಕಲು ಮೇಲೆ ಬಂದಿದ್ದ ಮನೆ ಓನರ್ ಆಂಟಿ ಕಿಟಕಿಯಲ್ಲಿ ಇಣುಕಿದರು. ಇಲ್ಲಿ ಹೊಲ ಇದ್ದ ಕಾಲದಿಂದಲೂ ಇರುವ ಮನೆತನ ಅವರದು.

“ಏನವ್ವಾ, ಒಬ್ಳೇ ಇಂಗ್ ನಗ್ತಿದ್ದೀಯ? ಯಾರಾನ ಬಂದವ್ರಾ?”

“ಇಲ್ಲ ಆಂಟಿ, ಕೆಲ್ಸ ಮಾಡ್ತಿದ್ದೆ.”

“ನಗೋ ಅಂತಾ ಕೆಲ್ಸ ಸಿಗಾಕೂ ಪುಣ್ಯ ಮಾಡಿರ್ಬೇಕು ಬಿಡು” ಎಂದು ಅವರು ಬಕೆಟ್ ಹಿಡಿದು ಇಳಿದುಹೋದರು. ಅವರ ಚಪ್ಪಲಿಯ ಸದ್ದು ನಿಂತ ಮೇಲೆ ಚಿತ್ರವನ್ನು ಮತ್ತೆ ನೋಡಿದೆ. ಜನ ಹೇಳಿದ್ದು ಸುಳ್ಳಲ್ಲ. ಯಾರೂ ಬಾರದ ಹೋಟೆಲನ್ನು ಬರೆದು, ಅದೇ ಚಂದ ಎಂದುಕೊಂಡಿದ್ದೆ. ನಾನಿದ್ದ ಸ್ಥಿತಿಯಲ್ಲಿ ಅದು ಸಹಜವಾಗಿಯೇ ಕಂಡಿತ್ತು.

ಮೂರನೆಯದು ಎರಡು ಕೈಗಳ ಚಿತ್ರ. ಟೇಬಲಿನ ಮೇಲೆ ಎರಡು ಲೋಟ, ಎರಡರಲ್ಲೂ ಅರ್ಧರ್ಧ ಕಾಫಿ, ಎರಡು ಕಡೆಯಿಂದ ಬಂದ ಎರಡು ಕೈ. ಒಂದಕ್ಕೆ ನನ್ನ ಕೈಯನ್ನೇ ಫೋಟೋ ತೆಗೆದುಕೊಂಡೆ. ಇನ್ನೊಂದಕ್ಕೆ ಆಂಟಿಯನ್ನು ಕೇಳಬಹುದಿತ್ತು, ಕೇಳಲಿಲ್ಲ. ಅವಳ ಕೈಯನ್ನು ನೋಡದೆಯೇ ಬರೆಯಲು ನನಗೆ ಬರುತ್ತಿತ್ತು. ಬಿಸಿ ತಾಗದ ಹಾಗೆ ಲೋಟದ ಅಂಚನ್ನು ಬೆರಳ ತುದಿಯಲ್ಲಿ ಹಿಡಿಯುವುದು, ಕಚ್ಚಿ ಕಚ್ಚಿ ಮೊಂಡಾದ ಹೆಬ್ಬೆರಳ ಉಗುರು. ಬರೆಯುತ್ತಾ ಬರೆಯುತ್ತಾ ಸಂಕಟವಾಯಿತು. ಆದರೆ ಚಿಕ್ಕದು ಮಾಡಿದಾಗಲೂ ಆ ಕೈಗಳು ಸ್ಪಷ್ಟವಾಗಿ ಕಂಡವು. ಏರಿಸಿದ ಮೇಲೆ ಜನ ಪುಟದ ಒಳಗೆ ಬರತೊಡಗಿದರು.

ಬಂದವರು ಕೇಳಿದ್ದು ಒಂದೇ ಪ್ರಶ್ನೆ: ಲೋಟ ಯಾಕೆ ಅರ್ಧ ಖಾಲಿ, ಮಾಲೀಕ ಜಿಪುಣನಾ? ಬೈಟು ಎಂದರೆ ಲೋಕಕ್ಕೆಲ್ಲ ಗೊತ್ತು ಎಂದುಕೊಂಡಿದ್ದ ನನಗೆ, ಯಲಹಂಕ ದಾಟಿದರೂ ಲೋಕವಿದೆ ಎಂಬುದು ಮರೆತೇಹೋಗಿತ್ತು. ಚಿತ್ರದ ಪಕ್ಕದ ಎರಡು ಮೂರು ಸಾಲಿನಲ್ಲಿ ಅದನ್ನು ಹೇಳಬೇಕು. ನಾನು ಬರೆದದ್ದು ಹೀಗಿತ್ತು: ‘ಸಮಗ್ರ ದರ್ಶಿನಿ ನಿರ್ವಹಣೆಯ ನೈಜ ಅನುಭವ. ಬಗೆಬಗೆಯ ತಿಂಡಿಗಳು. ಹಂಚಿಕೊಳ್ಳಬಹುದಾದ ಪಾನೀಯಗಳು.’ ಟೆಂಡರ್ ನೋಟಿಸಿಗೂ ಇದಕ್ಕಿಂತ ಹೆಚ್ಚು ಪ್ರೀತಿ ಇರುತ್ತದೆ. ಆಫೀಸಿನಲ್ಲಿ ಅವಳು ಇಂಥದ್ದನ್ನು ಕಂಡರೆ ಉರಿದುಬೀಳುತ್ತಿದ್ದಳು. “ಗೇಮಲ್ಲಿ ಏನೇನಿದೆ ಅಂತ ಹೇಳ್ಬೇಡ ಕಣೇ. ಆಡೋರು ಏನ್ ಮಾಡ್ತಾರೆ ಅಂತ ಹೇಳು” ಎನ್ನುತ್ತಿದ್ದಳು.

ಕೊನೆಗೆ ಅವಳಿಗೇ ಚಿತ್ರ ಕಳಿಸಿದೆ. “ಇದಕ್ಕೆ ಎರಡು ಸಾಲು ಬರ್ಕೊಡ್ತೀಯಾ? ನನ್ ಕೈಲಿ ಆಗ್ತಿಲ್ಲ” ಎಂದು ಬರೆದೆ. “ಒಂದ್ಸಲ ಬಂದು ಹೋಗೇ” ಎಂದೂ ಬರೆದಿದ್ದೆ, ಅಳಿಸಿದೆ. ಕೇಳಿದ್ದು ಸಾಲನ್ನು, ಬೇಕಾಗಿದ್ದದ್ದು ಅವಳು.

ಮನೆಯಲ್ಲಿ ಕೂರಲಾಗದೆ ದರ್ಶಿನಿಗೆ ಹೋದೆ. ನಾನು ಕೇಳುವ ಮುಂಚೆಯೇ ಕ್ಯಾಶಿಯರ್, “ಬೈಟು ತಾನೆ ಮೇಡಂ?” ಎಂದರು.

“ಇಲ್ಲ, ಒಂದೇ ಕೊಡಿ.”

“ಅವ್ರು ಬರೋದೇ ಬಿಟ್ಬಿಟ್ರಲ್ಲ, ಊರಲ್ಲಿಲ್ವಾ?”

“ಇದ್ದಾಳೆ” ಎಂದೆ. ಇಡೀ ಕಾಫಿ ನನಗೆ ಜಾಸ್ತಿಯಾಗುತ್ತದೆ. ಪಕ್ಕದ ಟೇಬಲಿನಲ್ಲಿ ಯಾರೋ ಮೂವರು ಗಹಗಹಿಸಿ ನಗುತ್ತಿದ್ದರು, ಅವರ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು. ಕಾಫಿ ತಣ್ಣಗಾಗುತ್ತಿದ್ದಾಗ ಅವಳ ಉತ್ತರ ಬಂತು.

“ಸಖತ್ತಾಗಿದೆ ಮಗಾ! ಅದು ನನ್ ಕೈ ತಾನೆ? ಬರೆಯೋಕೆ ಟೈಮೇ ಇಲ್ಲ ಕಣೇ, ಸಾರಿ. ಇನ್ನೊಂದು ವಿಷ್ಯ, ನನ್ ಹೆಸ್ರು ತೆಗೆದ್ಬಿಡ್ತೀಯಾ? ಹೊರಗಡೆ ಕೆಲ್ಸ ಮಾಡೋದು ಗೊತ್ತಾದ್ರೆ ಇಲ್ಲಿ ತಕರಾರು ಮಾಡ್ತಾರೆ. ಕೈ ಇರ್ಲಿ ಬಿಡು, ಯಾರ್ದು ಅಂತ ಯಾರಿಗ್ ಗೊತ್ತಾಗುತ್ತೆ?”

ಎರಡು ಸಲ ಓದಿದೆ. ಕೋಪ ಬರಲಿ ಎಂದು ಕಾದೆ, ಬರಲಿಲ್ಲ. ಸರಿ ಎಂದು ಉತ್ತರಿಸಿ, ಅರ್ಧ ಕಾಫಿ ಬಿಟ್ಟು ಮನೆಗೆ ಬಂದು ಹೆಸರು ತೆಗೆದೆ. ಆಮೇಲೆ ಬೇರೆ ದಾರಿಯಿಲ್ಲದೆ ಬರೆಯಲು ಕೂತೆ.

‘ಇಬ್ಬರು ಬರುತ್ತಾರೆ, ಒಂದೇ ಕಾಫಿ ಕೇಳುತ್ತಾರೆ. ಹೆಚ್ಚುಕಡಿಮೆಯಾಗದ ಹಾಗೆ ಎರಡು ಲೋಟಕ್ಕೆ ಹಂಚಿ ಕೊಡಿ. ಅವರು ಇನ್ನೊಂದಿಷ್ಟು ಹೊತ್ತು ನಿಲ್ಲುತ್ತಾರೆ.’

ಒಂದೇ ಉಸಿರಿಗೆ ಬಂತು. ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಚೆನ್ನಾಗಿತ್ತು, ಅವಳು ಬರೆದಿದ್ದರೂ ಹೀಗೇ ಬರೆಯುತ್ತಿದ್ದಳು. ಆಗ ಅಳು ಬಂತು. ಅವಳಿಗೆ ಮೆಸೇಜು ಮಾಡಲು ನನ್ನ ಬಳಿ ಇದ್ದದ್ದು, ಬರೆಯಲು ನನ್ನ ಕೈಲಿ ಆಗುವುದಿಲ್ಲ ಎಂಬ ಆ ಒಂದೇ ನೆಪ.