ಕಂಬದ ನೆರಳು ಬಿದ್ದ ದಿಕ್ಕು

ಭೂಮಾಪನ ಕಲಿಸುವ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೂ ನನ್ನಲ್ಲಿ ಉಳಿದಿರುವ ಕಸುಬಿನ ಚಟವೆಂದರೆ ದಿನಾಂಕಗಳನ್ನು ತಾಳೆ ನೋಡುವುದು. ಬನಶಂಕರಿಯ ಈ ಮನೆಯಲ್ಲಿ ಈಗ ಹಾಗೆ ನೋಡಬೇಕಾದವು ಹೆಚ್ಚಿಲ್ಲ: ಹಾಲಿನ ಪ್ಯಾಕೆಟ್ಟಿನದು, ಮಾತ್ರೆಗಳದು. ಹಾಗಾಗಿ ಕಳೆದ ಚಳಿಗಾಲದಲ್ಲೊಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂದಾಗ, ತಡಮಾಡದೆ ಎತ್ತಿಕೊಂಡೆ.

ಘಟ್ಟದ ಜಿಲ್ಲೆಯೊಂದರಲ್ಲಿ ಭೂಕುಸಿತದ ಸಮೀಕ್ಷೆ ಅವಳ ಕೆಲಸ. ಡ್ರೋನ್ ತೆಗೆದ ಚಿತ್ರಗಳನ್ನು ಹೊಂದಿಸಿ ಗುಡ್ಡದ ಮೂರು ಆಯಾಮದ ನಕ್ಷೆ ಮಾಡುತ್ತಾರೆ. ಮಳೆಗಾಲಕ್ಕೆ ಮೊದಲೊಂದು, ಮುಗಿದ ಮೇಲೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ನೆಲ ಎಲ್ಲಿ ತಗ್ಗಿದೆ, ಎಲ್ಲಿ ಉಬ್ಬಿದೆ ಎಂಬುದು ತಿಳಿಯುತ್ತದೆ. ಆ ಗುಡ್ಡದ ಬುಡದಲ್ಲಿ ಒಂದು ಮನೆಯಿತ್ತು. ಅದರ ಒಡತಿಯಾದ ಮುದುಕಿ ಕುಟುಂಬದೊಂದಿಗೆ ಮಳೆಗಾಲದಿಂದಲೂ ಪರಿಹಾರ ಕೇಂದ್ರದಲ್ಲಿದ್ದಳು. ಅವರು ಮನೆಗೆ ಮರಳಬಹುದೇ ಎಂದು ಹೇಳಬೇಕಾದವಳು ನನ್ನ ವಿದ್ಯಾರ್ಥಿನಿ.

"ಗುಡ್ಡ ಜರುಗಿಲ್ಲ ಸರ್. ಬುಡ ತಗ್ಗಿದೆ, ಮೇಲೆ ಏರಿದೆ. ಹಳೇ ಕುಸಿತದ ಮಣ್ಣನ್ನ ಜೆಸಿಬಿಯವ್ರು ಬಳಿದು ಮೇಲೆ ಸುರಿದಿದಾರೆ, ಅಷ್ಟೇ. ಅಜ್ಜಿ ದಿನಾ ಕೇಳ್ತಾರೆ, 'ನಿನ್ನ ಗಾಳಿಪಟ ಏನಂತು?' ಅಂತ. ನಾಳೆ ಅವ್ರನ್ನ ಮನೆಗೆ ಕಳಿಸಿಬಿಡೋಣ ಅಂತಿದೀನಿ."

"ಎರಡು ಹಾರಾಟದಲ್ಲಿ ಮೊದಲನೇದು ಯಾವುದು?"

"ಶುರುವಾಯ್ತು! ಮದುವೆ ಕಾರ್ಡ್ ಕೊಟ್ರೂ ಪಂಚಾಂಗ ತೆಗೆದು ನೋಡೋರು ನೀವು. ಫೋಲ್ಡರ್ ಮೇಲೇ ತಾರೀಕಿದೆ ಸರ್."

"ಅದು ಕಂಪ್ಯೂಟರ್ ಹಾಕಿದ ತಾರೀಕಮ್ಮ, ಹಾರಿಸಿದ್ದಲ್ಲ. ಎರಡೂ ನಕ್ಷೆ ಕಳಿಸು."

ಹಾರಿಸಿದವರು ಗುತ್ತಿಗೆಯವರು, ಹಾರಿಸಿದ ದಿನ ದಾಖಲಾಗಿರುವ ಮೂಲ ಚಿತ್ರಗಳು ಅವಳ ಬಳಿ ಇರಲಿಲ್ಲ. ನಕ್ಷೆಗಳೆರಡರಲ್ಲೂ ಒಂದೇ ಹಸಿರು, ಅದರಿಂದ ಕಾಲ ಗುರುತಿಸುವಂತಿರಲಿಲ್ಲ. ನನ್ನ ಕಣ್ಣು ಮನೆಯ ಮುಂದಿನ ವಿದ್ಯುತ್ ಕಂಬದ ಮೇಲೆ ನಿಂತಿತು. ಡ್ರೋನ್ ಹಾರಿಸುವುದು ನಡುಹಗಲಿನಲ್ಲಿ. ಅವಳು 'ಮೊದಲು' ಎಂದುಕೊಂಡಿದ್ದ ನಕ್ಷೆಯಲ್ಲಿ ಕಂಬದ ನೆರಳು ಉತ್ತರಕ್ಕೆ ಉದ್ದವಾಗಿ ಚಾಚಿತ್ತು. 'ನಂತರ' ಎಂದುಕೊಂಡಿದ್ದರಲ್ಲಿ ದಕ್ಷಿಣಕ್ಕೆ, ಮೋಟಾಗಿ. ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಮಳೆಗಾಲ ಕಳೆದ ಮೇಲಲ್ಲ.

ಗೊತ್ತಿದ್ದರೂ ತಾರಸಿಗೆ ಹೋಗಿ ನೋಡಿದೆ. ಬೇಸಗೆಯಲ್ಲಿ ನನ್ನ ಹೆಂಡತಿ ಸಂಡಿಗೆಯ ಚಾಪೆಯನ್ನು ಯಾವಾಗಲೂ ನೀರಿನ ಟ್ಯಾಂಕಿನ ಉತ್ತರಕ್ಕೆ ಹಾಸುತ್ತಿದ್ದಳು. ಸೂರ್ಯನ ಚಲನೆಯನ್ನು ವಿವರಿಸಲು ಹೊರಟರೆ, "ರೀ, ಪಾಠ ಆಮೇಲೆ, ಮೊದಲು ಕಾಗೆ ಓಡಿಸಿ" ಎನ್ನುತ್ತಿದ್ದಳು. ಈಗ ಆ ಜಾಗದಲ್ಲಿ ಟ್ಯಾಂಕಿನ ನೆರಳು ಮಲಗಿತ್ತು. ಅವಳು ತೀರಿಕೊಂಡ ಮೇಲೆ ಕಾಗೆಗಳೂ ಇತ್ತ ಬರುವುದಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. "ಅದಲುಬದಲಾಗಿದೆಯಮ್ಮ. ನೀನು ನಂತರ ಅಂದಿದ್ದು ಮಳೆಗೆ ಮೊದಲಿನದು."

ಅವಳು ಗುತ್ತಿಗೆಯವರನ್ನು ವಿಚಾರಿಸಿ ತಿರುಗಿ ಫೋನ್ ಮಾಡಿದಳು. "ಹೌದು ಸರ್. ಆ ನಕ್ಷೆ ತಪ್ಪಿದೆ ಅಂತ ಮಳೆಗಾಲ ಮುಗಿದ ಮೇಲೆ ಹಳೇ ಚಿತ್ರಗಳಿಂದಲೇ ಮತ್ತೆ ಮಾಡಿದ್ರಂತೆ. ಹೊಸ ತಾರೀಕು ಬಿದ್ದಿದೆ." ಮತ್ತೆ ಮೆಲ್ಲಗೆ, "ಹಾಗಾದ್ರೆ ಮೇಲೆ ತಗ್ಗಿ ಬುಡ ಉಬ್ಬಿರೋದು. ಗುಡ್ಡ ಜರುಗ್ತಾ ಇದೆ."

ಸಂಜೆ ಪರಿಹಾರ ಕೇಂದ್ರದಿಂದ ಮತ್ತೆ ಕರೆ ಮಾಡಿದಳು. ಹಿಂದಿನಿಂದ ಮುದುಕಿಯ ದನಿ ಕೇಳುತ್ತಿತ್ತು: "ಯಾವನವ್ನು ಬೆಂಗ್ಳೂರಲ್ಲಿ ಕೂತ್ಕೊಂಡು ನನ್ನ ಮನೆಗೆ ಹೋಗ್ಬೇಡ ಅನ್ನೋನು? ಅವನಿಗೇನು ಮನೆಮಠ ಇಲ್ವಾ?"

"ಬೇಜಾರು ಮಾಡ್ಕೋಬೇಡಿ ಸರ್," ಎಂದಳು ವಿದ್ಯಾರ್ಥಿನಿ.

ಬೇಜಾರಿರಲಿಲ್ಲ. ಈ ಮನೆಯಲ್ಲಿ ನನ್ನನ್ನು ಯಾರಾದರೂ ಗದರಿ ಬಹಳ ಕಾಲವಾಗಿತ್ತು. ಇನ್ನೂ ನಾಲ್ಕು ಮಾತು ಬೈಯಲೆಂದು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದೆ, ಕರೆ ಕಡಿದುಹೋಯಿತು.

ಕೆಲವು ವಾರಗಳ ಮೇಲೆ, ಅಕಾಲದ ಮಳೆಯೊಂದು ಸುರಿದು ನಿಂತ ಬಳಿಕ, ಅವಳು ಹೊಸ ನಕ್ಷೆ ಕಳಿಸಿದಳು. ಗುಡ್ಡ ಇಳಿದು ಬಂದು ಹಿತ್ತಲ ಗೋಡೆಯನ್ನು ಒಳಕ್ಕೆ ನೂಕಿತ್ತು. ನಕ್ಷೆಯನ್ನು ಪರದೆಯ ಮೇಲೆ ನಿಧಾನವಾಗಿ ತಿರುಗಿಸುತ್ತ ಮನೆಯ ಸುತ್ತ ಒಬ್ಬನೇ ಬಂದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ನಾನು ಬಯಸಿದ್ದೂ ಅದನ್ನೇ. ಕಂಬದ ನೆರಳನ್ನೂ ನೋಡಿದೆ. ಉತ್ತರಕ್ಕಿತ್ತು, ತಾರೀಕು ಸರಿಯಾಗಿತ್ತು.